ಮೂರು ಮತಗಳ ವಾರ್ಡ್: ಚಿಕ್ಕ ಸಮಾಜ ಗೆಲ್ಲುವುದು ಯಾರ ಮತದಿಂದ?

ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಒಬ್ಬ ಮತದಾರನಿಗೆ ಒಂದೇ ಮತ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಹಾಗಲ್ಲ. ವಾರ್ಡಿಗೆ ಮೂರು ಸ್ಥಾನಗಳಿದ್ದರೆ ಪ್ರತಿ ಮತದಾರನಿಗೂ ಮೂರು ಮತ. ಮೂರನ್ನೂ ಒಬ್ಬನೇ ಅಭ್ಯರ್ಥಿಗೆ ಹಾಕುವಂತಿಲ್ಲ, ಒಬ್ಬರಿಗೆ ಒಂದು ಮಾತ್ರ. ಮೂರಕ್ಕಿಂತ ಹೆಚ್ಚು ಮಂದಿಗೆ ಮೊಹರು ಒತ್ತಿದರೆ ಮತಪತ್ರ ತಿರಸ್ಕೃತ. ಕಡಿಮೆ ಒತ್ತಿದರೆ ಅಡ್ಡಿಯಿಲ್ಲ, ಒತ್ತಿದಷ್ಟು ಎಣಿಕೆಗೆ ಬರುತ್ತದೆ.

ಕೇಳಲು ಇದು ಸಣ್ಣ ನಿಯಮ. ಆದರೆ ಊರಿನಲ್ಲಿ ನಲವತ್ತೋ ಐವತ್ತೋ ಮನೆಗಳಿರುವ ಜೈನ ಸಮಾಜಕ್ಕೆ ಪಂಚಾಯಿತಿಯಲ್ಲಿ ಒಂದು ಸ್ಥಾನ ಸಿಗುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಇದೇ ನಿಯಮ. ಪ್ರತಿ ಚುನಾವಣೆಯಲ್ಲೂ ಬಸದಿ ಓಣಿಯಲ್ಲಿ ಏಳುವ ಪ್ರಶ್ನೆ ಒಂದೇ: ನಮ್ಮವರಿಗೆ ಒಂದು ಮತ ಹಾಕಿ ಉಳಿದೆರಡನ್ನು ಖಾಲಿ ಬಿಡಬೇಕೋ, ಬೇರೆಯವರಿಗೂ ಕೊಡಬೇಕೋ? ಉತ್ತರ ಸುಲಭವಲ್ಲ, ಆದರೆ ಲೆಕ್ಕ ಹಾಕಿ ನೋಡಬಹುದಾದದ್ದು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ರಾಜ್ಯದ ಜನಸಂಖ್ಯೆಯಲ್ಲಿ ಇದು ಶೇ 0.72. ಅತಿ ಹೆಚ್ಚು ಜೈನರಿರುವುದು ಬೆಳಗಾವಿ ಜಿಲ್ಲೆಯಲ್ಲಿ. ವಿಧಾನಸಭಾ ಕ್ಷೇತ್ರವೊಂದರ ಮಟ್ಟದಲ್ಲಿ ಈ ಸಂಖ್ಯೆ ಚೆದುರಿ ಹೋಗುತ್ತದೆ. ವಾರ್ಡಿನ ಮಟ್ಟದಲ್ಲಿ ಹಾಗಾಗುವುದಿಲ್ಲ. ನೂರು ಮತಕ್ಕೆ ಬೆಲೆ ಇರುವ ಚುನಾವಣೆ ಎಂದರೆ ಸ್ಥಳೀಯ ಸಂಸ್ಥೆಯದು ಮಾತ್ರ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ಘೋಷಣೆಯಾಯಿತು. ವಿದ್ಯಾರ್ಥಿವೇತನಕ್ಕೂ ಸಂಸ್ಥೆಗಳ ಆಡಳಿತಕ್ಕೂ ಅದು ನೆರವಾಗಿದೆ. ಆದರೆ ಅಲ್ಪಸಂಖ್ಯಾತರೆಂಬ ಕಾರಣಕ್ಕೆ ಪಂಚಾಯಿತಿಯಲ್ಲಾಗಲಿ ಪುರಸಭೆಯಲ್ಲಾಗಲಿ ಮೀಸಲು ಸ್ಥಾನವಿಲ್ಲ. ಅಲ್ಲಿ ಕೂರಬೇಕಾದರೆ ಗೆದ್ದೇ ಕೂರಬೇಕು.

ಎರಡು ಕಾಯ್ದೆ, ಎರಡು ಬಗೆಯ ವಾರ್ಡ್

ಕರ್ನಾಟಕದ ಸಣ್ಣ ಊರುಗಳು ಎರಡು ಕಾಯ್ದೆಗಳ ಅಡಿ ಬರುತ್ತವೆ. ಗ್ರಾಮ ಪಂಚಾಯಿತಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ.

ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಆರು ಸಾವಿರ ಜನರಿರುವ ಪಂಚಾಯಿತಿಗೆ 15 ಸದಸ್ಯರು. ಆದರೆ ಊರನ್ನು 15 ತುಂಡು ಮಾಡುವುದಿಲ್ಲ. ಕೆಲವೇ ಕ್ಷೇತ್ರಗಳನ್ನು ಮಾಡಿ ಒಂದೊಂದಕ್ಕೆ ಎರಡು, ಮೂರು, ನಾಲ್ಕು ಸ್ಥಾನ ಕೊಡುವುದು ರೂಢಿ. ಪಕ್ಷದ ಚಿಹ್ನೆ ಇರುವುದಿಲ್ಲ. ಬೆನ್ನ ಹಿಂದೆ ಪಕ್ಷಗಳಿದ್ದರೂ ಮತಪತ್ರದಲ್ಲಿ ಕಾಣುವುದು ಹೆಸರು ಮತ್ತು ಸ್ವತಂತ್ರ ಚಿಹ್ನೆ.

ಪುರಸಭೆಯಲ್ಲಿ ಒಂದು ವಾರ್ಡಿಗೆ ಒಬ್ಬನೇ ಸದಸ್ಯ. ಇಲ್ಲಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ. ಕಾಯ್ದೆಯಂತೆ 20 ಸಾವಿರದಿಂದ 40 ಸಾವಿರ ಜನಸಂಖ್ಯೆಯ ಪುರಸಭೆಗೆ 23 ಸದಸ್ಯರು. ಅಂದರೆ ಒಂದು ವಾರ್ಡಿಗೆ ಸರಾಸರಿ ಸುಮಾರು 870ರಿಂದ ಒಂದೂಮುಕ್ಕಾಲು ಸಾವಿರ ಜನ.

ಎರಡರ ವ್ಯತ್ಯಾಸ ತಿಳಿಯಲು ಒಂದು ಊಹೆಯ ಲೆಕ್ಕ ಸಾಕು. 900 ಮಂದಿ ಮತ ಹಾಕುವ ಒಂದು ಭಾಗವಿದೆ ಎಂದುಕೊಳ್ಳೋಣ. ಅದರಲ್ಲಿ ಜೈನ ಮತದಾರರು 100. ಈ ಭಾಗವನ್ನು ತಲಾ 300 ಮತದಾರರ ಮೂರು ಏಕಸದಸ್ಯ ವಾರ್ಡ್ ಮಾಡಿದರೆ ಏನಾಗುತ್ತದೆ? ಜೈನ ಮನೆಗಳೆಲ್ಲ ಬಸದಿಯ ಸುತ್ತ ಒಂದೇ ಕಡೆ ಇದ್ದರೆ 300ರಲ್ಲಿ 100 ಮತ ಒಂದು ವಾರ್ಡಿನಲ್ಲೇ ಸಿಗುತ್ತದೆ. ತ್ರಿಕೋನ ಸ್ಪರ್ಧೆಯಾದರೆ ಹೊರಗಿನ ಕೆಲವೇ ಮತ ಸೇರಿದರೂ ಗೆಲುವು. ಅದೇ ಮನೆಗಳು ಮೂರು ವಾರ್ಡಿಗೂ ಹಂಚಿಹೋಗಿದ್ದರೆ ಒಂದೊಂದರಲ್ಲಿ 33 ಮತ, ಯಾವುದಕ್ಕೂ ಸಾಲದು. ಏಕಸದಸ್ಯ ವಾರ್ಡಿನಲ್ಲಿ ಅರ್ಧ ಫಲಿತಾಂಶ ಬರೆಯುವುದು ಗಡಿರೇಖೆ. ವಾರ್ಡ್ ಪುನರ್ವಿಂಗಡಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ದಿನಗಳು ಪ್ರಚಾರದ ದಿನಗಳಷ್ಟೇ ಮುಖ್ಯವಾಗುವುದು ಇದಕ್ಕೇ. ಆ ಹೊತ್ತಿನಲ್ಲಿ ಸುಮ್ಮನಿದ್ದು ಮತದಾನದ ವಾರ ಓಡಾಡುವುದು ಬಹಳ ಊರುಗಳಲ್ಲಿ ನಡೆಯುವ ತಪ್ಪು.

ಮೂರು ಸ್ಥಾನಗಳ ಒಂದೇ ವಾರ್ಡ್ ಆದರೆ ಗಡಿರೇಖೆಯ ತೊಂದರೆ ಕಡಿಮೆ. ಮನೆಗಳು ಚೆದುರಿದ್ದರೂ 100 ಮತವೂ ಒಂದೇ ಕಡೆ ಇರುತ್ತದೆ. ಆದರೆ ಇಲ್ಲಿ ಬೇರೆ ತೊಂದರೆ ಇದೆ.

ಶೇ 56ಕ್ಕೆ ಮೂರಕ್ಕೆ ಮೂರು

ಊರು ಎರಡು ಗುಂಪಾಗಿ ಒಡೆದಿದೆ ಎನ್ನಿ. ಒಂದು ಗುಂಪಿಗೆ 500 ಮತದಾರರು, ಇನ್ನೊಂದಕ್ಕೆ 400. ಎರಡೂ ಮೂವರಂತೆ ಪೆನಲ್ ನಿಲ್ಲಿಸುತ್ತವೆ, ಇಬ್ಬರ ಬೆಂಬಲಿಗರೂ ಶಿಸ್ತಿನಿಂದ ತಮ್ಮ ಮೂವರಿಗೇ ಒತ್ತುತ್ತಾರೆ. ಮೊದಲ ಗುಂಪಿನ ಮೂವರಿಗೂ ತಲಾ 500, ಎರಡನೆಯದರ ಮೂವರಿಗೂ ತಲಾ 400. ಮೂರೂ ಸ್ಥಾನ ಮೊದಲ ಗುಂಪಿನ ಪಾಲು. ಶೇ 44ರಷ್ಟು ಜನರಿಗೆ ಒಬ್ಬ ಸದಸ್ಯನೂ ಇಲ್ಲ. ಮೂರು ಸ್ಥಾನ ಇದ್ದರೆ ಮೂರು ಬಗೆಯವರಿಗೂ ಜಾಗ ಸಿಗುತ್ತದೆ ಎಂಬ ನಂಬಿಕೆ ಸಾಮಾನ್ಯ. ನಿಯಮ ಅಂಥ ಖಾತರಿ ಕೊಡುವುದಿಲ್ಲ. ಶಿಸ್ತಿನ ಬಹುಮತಕ್ಕೆ ಅದು ಎಲ್ಲವನ್ನೂ ಕೊಡುತ್ತದೆ.

ಆದರೆ ಹೆಚ್ಚಿನ ಊರುಗಳಲ್ಲಿ ಇಷ್ಟು ಶಿಸ್ತು ಇರುವುದಿಲ್ಲ. ಪಕ್ಷದ ಚಿಹ್ನೆ ಇಲ್ಲದ್ದರಿಂದ ಜನ ಹೆಸರು ನೋಡುತ್ತಾರೆ. ಮೊದಲ ಮತ ಮನೆಯವರಿಗೋ ಜಾತಿಯವರಿಗೋ ಹೋಗುತ್ತದೆ. ಎರಡನೆಯದು ಹೊಲದ ನೆರೆಯವನಿಗೆ, ಸೊಸೈಟಿಯಲ್ಲಿ ಸಾಲ ಕೊಡಿಸಿದವನಿಗೆ, ಕಷ್ಟಕ್ಕೆ ಬಂದವನಿಗೆ. ಮೂರನೆಯದನ್ನು ಯಾರಿಗೆ ಕೊಡಬೇಕೆಂದು ಅನೇಕರು ಮತಗಟ್ಟೆಯ ದಾರಿಯಲ್ಲೂ ನಿರ್ಧರಿಸಿರುವುದಿಲ್ಲ. ಚಿಕ್ಕ ಸಮಾಜದ ಅಭ್ಯರ್ಥಿಗೆ ಬಾಗಿಲು ತೆರೆಯುವುದು ಇಲ್ಲಿಯೇ.

ಅದೇ 900 ಮತದಾರರ ವಾರ್ಡಿನಲ್ಲಿ ಒಂಬತ್ತು ಮಂದಿ ಕಣದಲ್ಲಿದ್ದಾರೆ, ಮೂರನೆಯ ಸ್ಥಾನ ಸುಮಾರು 330 ಮತಕ್ಕೆ ದಕ್ಕುತ್ತದೆ ಎಂದಿಟ್ಟುಕೊಳ್ಳಿ. ಜೈನ ಅಭ್ಯರ್ಥಿಗೆ ಸಮಾಜದ 100 ಮತವೂ ಬಂದರೆ ಇನ್ನೂ 230 ಬೇಕು. ಉಳಿದ 800 ಮತದಾರರಲ್ಲಿ ಹತ್ತಕ್ಕೆ ಮೂವರು ತಮ್ಮ ಮೂರು ಮತಗಳಲ್ಲಿ ಒಂದನ್ನು ಕೊಟ್ಟರೆ 240 ಮತ. ಒಟ್ಟು 340, ಗೆಲುವು. ಆ ಹತ್ತಕ್ಕೆ ಮೂವರು ತಮ್ಮವರನ್ನು ಬಿಟ್ಟು ಬರಬೇಕಾಗಿಲ್ಲ. ತಮ್ಮವರಿಗೆ ಕೊಟ್ಟ ಮೇಲೆ ಉಳಿದದ್ದನ್ನು ಕೊಟ್ಟರೆ ಸಾಕು.

ಈ ಗೆಲುವಿನ ಲೆಕ್ಕದಲ್ಲಿ ಸಮಾಜದ ಮತ 100, ಹೊರಗಿನದು 240. ಸ್ವಂತ ಮತ ಬುನಾದಿಯಷ್ಟೇ. ಗೋಡೆಯನ್ನು ಕಟ್ಟುವುದು ಊರಿನ ಎರಡನೆಯ ಮತ್ತು ಮೂರನೆಯ ಮತ.

ಒಂಟಿ ಮತದ ಲಾಭ, ಅದರ ಬೆಲೆ

‘ನಮ್ಮವರಿಗೊಂದೇ ಒತ್ತಿ ಬನ್ನಿ’ ಎಂಬ ಸಲಹೆ ಹುಟ್ಟುವುದಕ್ಕೆ ಕಾರಣವಿದೆ. ಮೂರನೆಯ ಸ್ಥಾನಕ್ಕೆ ಜೈನ ಅಭ್ಯರ್ಥಿಯ ನೇರ ಎದುರಾಳಿ ಒಬ್ಬನಿದ್ದಾನೆ, ಅವನಿಗೆ 330 ಮತ ಇದೆ ಎನ್ನಿ. ಸಮಾಜದ 100 ಮಂದಿ ತಮ್ಮ ಎರಡನೆಯ ಮತವನ್ನು ಅವನಿಗೇ ಕೊಟ್ಟರೆ ಅವನದು 430 ಆಗುತ್ತದೆ. 340ರಲ್ಲಿ ಗೆಲ್ಲಬೇಕಿದ್ದ ಅಭ್ಯರ್ಥಿಯನ್ನು ಸೋಲಿಸಿದವರು ಆತನ ಸ್ವಂತ ಮತದಾರರೇ ಆಗುತ್ತಾರೆ. ಬಹುಸದಸ್ಯ ವಾರ್ಡಿನಲ್ಲಿ ಎರಡನೆಯ ಮತ ಮೊದಲನೆಯದನ್ನು ಕತ್ತರಿಸಬಲ್ಲದು. ಎರಡನ್ನು ಖಾಲಿ ಬಿಟ್ಟರೆ ಆ ಅಪಾಯ ಇರುವುದಿಲ್ಲ. ಲೆಕ್ಕ ಇಷ್ಟಕ್ಕೇ ನಿಂತಿದ್ದರೆ ಒಂಟಿ ಮತವೇ ಸರಿ.

ಆದರೆ ಚಿಕ್ಕ ಊರಿನಲ್ಲಿ ಲೆಕ್ಕ ಒಂದೇ ದಿನದ್ದಲ್ಲ. ಮತ ಗುಪ್ತವಾದರೂ ಮಾತು ಗುಪ್ತವಾಗಿರುವುದಿಲ್ಲ. ‘ಅವರು ತಮ್ಮವರಿಗೆ ಒಂದು ಹಾಕಿ ಎದ್ದು ಬರುತ್ತಾರೆ, ನಮಗೆ ಕೊಡುವುದಿಲ್ಲ’ ಎಂಬ ಸುದ್ದಿ ಮತದಾನದ ಮೊದಲೇ ಚಹಾ ಅಂಗಡಿಗೆ ತಲುಪಿರುತ್ತದೆ. ಆಗ ಹೊರಗಿನ 240ರಲ್ಲಿ 100 ಮಂದಿ ಹಿಂದೆ ಸರಿದರೂ ಅಭ್ಯರ್ಥಿಯ ಒಟ್ಟು ಮತ 240ಕ್ಕೆ ಇಳಿಯುತ್ತದೆ. ಎದುರಾಳಿಗೆ 100 ಸೇರದಂತೆ ನೋಡಿಕೊಂಡ ಜಾಣತನಕ್ಕೆ ತೆತ್ತ ಬೆಲೆಯೂ 100. ಮುಂದಿನ ಚುನಾವಣೆಗೂ ಆ ನೆನಪು ಉಳಿದಿರುತ್ತದೆ. ಶೇ 11ರಷ್ಟಿರುವ ಗುಂಪಿಗೆ ಒಂಟಿ ಮತ ಒಮ್ಮೆ ಫಲ ಕೊಡಬಹುದು. ಪದೇ ಪದೇ ಬಳಸಿದರೆ ಶೇ 89ರಷ್ಟು ಜನರೂ ಅದೇ ಪಾಠ ಕಲಿಯುತ್ತಾರೆ, ಆಗ ಸೋಲುವುದು ಚಿಕ್ಕವರೇ.

ನಡುವೆ ಒಂದು ದಾರಿ ಇದೆ. ಬಹುತೇಕ ವಾರ್ಡುಗಳಲ್ಲಿ ಮೂರೂ ಸ್ಥಾನ ಒಂದೇ ಬಗೆಯವಲ್ಲ. ಒಂದು ಪರಿಶಿಷ್ಟ ಜಾತಿಗೆ, ಒಂದು ಮಹಿಳೆಗೆ, ಒಂದು ಸಾಮಾನ್ಯ ಎಂಬಂತೆ ಹಂಚಿರುತ್ತಾರೆ. ಮೀಸಲು ಸ್ಥಾನ ಆ ವರ್ಗದ ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರಿಗೆ ಹೋಗುತ್ತದೆ. ಜೈನ ಅಭ್ಯರ್ಥಿ ನಿಂತಿರುವುದು ಸಾಮಾನ್ಯ ಸ್ಥಾನಕ್ಕಾದರೆ, ಪರಿಶಿಷ್ಟ ಜಾತಿಯ ಸ್ಥಾನಕ್ಕೂ ಮಹಿಳಾ ಸ್ಥಾನಕ್ಕೂ ಗೆಲ್ಲುವಂತಿರುವವರಿಗೆ ಕೊಟ್ಟ ಮತದಿಂದ ಅವರಿಗೆ ಪೆಟ್ಟು ಬೀಳುವುದು ಕಡಿಮೆ. ಅಂದರೆ ಎರಡನೆಯ, ಮೂರನೆಯ ಮತವನ್ನು ಕೊಡಬೇಕೋ ಬೇಡವೋ ಎಂಬುದಕ್ಕಿಂತ ಯಾವ ಸ್ಥಾನದವರಿಗೆ ಕೊಡಬೇಕು ಎಂಬುದು ಸರಿಯಾದ ಪ್ರಶ್ನೆ. ನೇರ ಎದುರಾಳಿಗಲ್ಲದೆ ಬೇರೆ ಸ್ಥಾನದ ಯೋಗ್ಯರಿಗೆ ಕೊಟ್ಟರೆ ಮತ ವ್ಯರ್ಥವಾಗುವುದಿಲ್ಲ, ವಿಶ್ವಾಸವೂ ಉಳಿಯುತ್ತದೆ. ಪರಿಶಿಷ್ಟರ ಕೇರಿಯಿಂದ ಬರುವ ಮೂರನೆಯ ಮತ ಹಲವು ಊರುಗಳಲ್ಲಿ ಜೈನ ಅಭ್ಯರ್ಥಿಯ ಗೆಲುವು ಸೋಲನ್ನು ನಿರ್ಧರಿಸಬಲ್ಲದು. ಆ ಕೇರಿಯ ಬೀದಿದೀಪ, ಚರಂಡಿಯ ಮಾತನ್ನು ಐದು ವರ್ಷ ಎತ್ತದವರು ಚುನಾವಣೆಯ ವಾರ ಹೋಗಿ ಕೇಳಿದರೆ ಅದು ಸಿಗುವುದಿಲ್ಲ.

ಒಂದೇ ಸಮಾಜದಿಂದ ಇಬ್ಬರು

ಮೂರು ಸ್ಥಾನ ಇದೆ, ಆದ್ದರಿಂದ ಇಬ್ಬರು ನಿಂತರೆ ತಪ್ಪೇನು ಎಂಬ ವಾದವೂ ಕೇಳಿಬರುತ್ತದೆ. ಸಮಾಜದ 100 ಮತ ಇಬ್ಬರಿಗೂ ಪೂರ್ತಿಯಾಗಿ ಸಿಗಬಹುದು, ಏಕೆಂದರೆ ಪ್ರತಿಯೊಬ್ಬರಿಗೂ ಮೂರು ಮತ ಇದೆ. ಆದರೆ ಹೊರಗಿನವರು ತಮ್ಮ ಮೂರರಲ್ಲಿ ಎರಡನ್ನು ಒಂದೇ ಚಿಕ್ಕ ಸಮಾಜಕ್ಕೆ ಕೊಡುವುದು ಅಪರೂಪ. 240 ಮತ ಇಬ್ಬರ ನಡುವೆ 120ರಂತೆ ಒಡೆದರೆ ಇಬ್ಬರೂ 220ಕ್ಕೆ ನಿಲ್ಲುತ್ತಾರೆ. ಮೂರನೆಯ ಸ್ಥಾನಕ್ಕೆ ಬೇಕಾದದ್ದು 330. ಹೊರಗಿನಿಂದ ಕಂಡರೆ ಇದು ಮತಗಳ ಒಡಕು, ಒಳಗೆ ನೋಡಿದರೆ ಎರಡು ಮನೆತನಗಳ ಹಟ. ಸೋತ ಮೇಲೆ ದೂರು ಮಾತ್ರ ದೊಡ್ಡ ಸಮಾಜಗಳ ಮೇಲೆ.

ಇಬ್ಬರು ನಿಲ್ಲುವುದಕ್ಕೆ ಅರ್ಥ ಬರುವುದು ಸ್ಥಾನದ ಬಗೆ ಬೇರೆಯಾದಾಗ, ಅಂದರೆ ಒಬ್ಬರು ಸಾಮಾನ್ಯಕ್ಕೆ, ಇನ್ನೊಬ್ಬರು ಮಹಿಳಾ ಸ್ಥಾನಕ್ಕೆ. ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಅಲ್ಲೂ ಹೊರಗಿನ ಮತ ಹಂಚಿಹೋಗುವ ಭಯ ಪೂರ್ತಿ ಹೋಗುವುದಿಲ್ಲ. ಒಬ್ಬರನ್ನೇ ನಿಲ್ಲಿಸುವುದಾದರೆ ಅದು ಮಹಿಳೆಯೇ ಆಗಿರುವುದು ಅನೇಕ ವಾರ್ಡುಗಳಲ್ಲಿ ಹೆಚ್ಚು ಫಲದಾಯಕ. ಆ ಸ್ಥಾನಕ್ಕೆ ಸ್ಪರ್ಧಿಸುವವರ ಸಂಖ್ಯೆ ಕಡಿಮೆ ಇರುತ್ತದೆ, ಓದಿದ ಹೆಣ್ಣುಮಕ್ಕಳು ಜೈನ ಮನೆಗಳಲ್ಲಿ ಸಾಕಷ್ಟಿದ್ದಾರೆ. ಆದರೆ ಗೆದ್ದ ಮೇಲೆ ಸಭೆಗೆ ಪತಿಯೋ ಮೈದುನನೋ ಹೋಗಿ ಕೂರುವುದಾದರೆ ಆ ಸ್ಥಾನ ಮುಂದಿನ ಬಾರಿ ಉಳಿಯುವುದು ಕಷ್ಟ.

ಗಡಿಯಾಚೆ: ಎರಡು ಸ್ಥಾನ, ಬೇರೆ ಲೆಕ್ಕ

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಜೈನ ಮನೆತನಗಳಿಗೆ ಕೊಲ್ಲಾಪುರ, ಸಾಂಗ್ಲಿ ಜಿಲ್ಲೆಗಳೊಂದಿಗೆ ಹೆಣ್ಣು ಕೊಟ್ಟು ತಂದ ನಂಟು. ಜಯಸಿಂಗಪುರ, ಕುರುಂದವಾಡ, ಹುಪರಿಯಂಥ ಊರುಗಳ ನಗರ ಪರಿಷತ್ ಚುನಾವಣೆಯ ಮಾತು ಈಚೆಗಿನ ಮನೆಗಳಲ್ಲೂ ನಡೆಯುತ್ತದೆ. ಮಹಾರಾಷ್ಟ್ರದಲ್ಲಿ 2025ರ ಡಿಸೆಂಬರ್ 2ರಂದು ನಗರ ಪರಿಷತ್ತುಗಳಿಗೆ ಮತದಾನ ಆರಂಭವಾಯಿತು. ಅಲ್ಲಿ ಒಂದು ವಾರ್ಡಿಗೆ ಸಾಮಾನ್ಯವಾಗಿ ಇಬ್ಬರು ಸದಸ್ಯರು. ಜೊತೆಗೆ ನಗರಾಧ್ಯಕ್ಷರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಹೀಗಾಗಿ ಅಲ್ಲಿಯೂ ಮತದಾರನಿಗೆ ಮೂರು ಮತ.

ಸಂಖ್ಯೆ ಒಂದೇ ಆದರೂ ನಿಯಮ ಬೇರೆ. ಅಲ್ಲಿ ವಾರ್ಡಿನ ಎರಡು ಸ್ಥಾನಗಳಿಗೂ ‘ಅ’, ‘ಬ’ ಎಂದು ಪ್ರತ್ಯೇಕ ಪಟ್ಟಿ. ‘ಅ’ ಸ್ಥಾನದ ಅಭ್ಯರ್ಥಿಗಳ ನಡುವೆ ಒಂದು ಸ್ಪರ್ಧೆ, ‘ಬ’ ಸ್ಥಾನದವರ ನಡುವೆ ಇನ್ನೊಂದು. ‘ಅ’ಗೆ ಹಾಕಿದ ಮತ ‘ಬ’ಯಲ್ಲಿರುವವರನ್ನು ಕತ್ತರಿಸುವುದಿಲ್ಲ. ಆದ್ದರಿಂದ ಒಂಟಿ ಮತದ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ. ಒಂದನ್ನು ಖಾಲಿ ಬಿಟ್ಟರೆ ಯಾರಿಗೂ ಲಾಭವಿಲ್ಲ, ಮತ ಹಾಳು ಅಷ್ಟೇ. ಆದರೆ ಎರಡು ವಾರ್ಡ್ ಸೇರಿ ಒಂದಾದಂತೆ ಇರುವುದರಿಂದ ಪ್ರತಿ ಸ್ಥಾನಕ್ಕೂ ಇಮ್ಮಡಿ ಮತದಾರರು. ಬಸದಿ ಗಲ್ಲಿಯಲ್ಲಿ ಒತ್ತಾಗಿರುವ ಮತ ದೊಡ್ಡ ವಾರ್ಡಿನಲ್ಲಿ ತೆಳುವಾಗುತ್ತದೆ. ಪಕ್ಷದ ಚಿಹ್ನೆಯೂ ಇರುವುದರಿಂದ ಇಬ್ಬರ ಜೋಡಿ ಒಟ್ಟಿಗೆ ಗೆಲ್ಲುವುದು ಅಥವಾ ಒಟ್ಟಿಗೆ ಸೋಲುವುದು ಹೆಚ್ಚು. ಚಿಕ್ಕ ಸಮಾಜಕ್ಕೆ ಅಲ್ಲಿ ಮುಖ್ಯವಾದದ್ದು ಗೆಲ್ಲುವ ಪೆನಲ್ಲಿನಲ್ಲಿ ಟಿಕೆಟ್. ಇಲ್ಲಿನ ಪಂಚಾಯಿತಿಯಲ್ಲಿ ಮುಖ್ಯವಾದದ್ದು ಊರಿನ ಮೂರನೆಯ ಮತ. ಆಚೆಯ ಬೀಗರು ಹೇಳಿದ ಉಪಾಯ ಈಚೆಗೆ ಹೊಂದುವುದಿಲ್ಲ, ಈಚೆಯದು ಆಚೆಗೂ ಹೊಂದುವುದಿಲ್ಲ.

ಊರು ಮೇಲ್ದರ್ಜೆಗೆ ಏರಿದಾಗ

ದೊಡ್ಡ ಗ್ರಾಮ ಪಂಚಾಯಿತಿಗಳು ಪಟ್ಟಣ ಪಂಚಾಯಿತಿಯಾಗಿ, ಪುರಸಭೆಯಾಗಿ ಏರುತ್ತ ಬಂದಿವೆ. ಜೈನ ಮನೆಗಳು ಹೆಚ್ಚಿರುವ ಸದಲಗಾ, ಶೇಡಬಾಳ, ಬೋರಗಾಂವ ಈಗ ಪಟ್ಟಣದ ಆಡಳಿತದಲ್ಲಿರುವ ಊರುಗಳು. ಏರಿಕೆಯಾದ ದಿನವೇ ಚುನಾವಣೆಯ ಲೆಕ್ಕವೂ ಬದಲಾಗುತ್ತದೆ. ಮೂರು ಮತ ಹೋಗಿ ಒಂದಾಗುತ್ತದೆ. ಸ್ವತಂತ್ರ ಚಿಹ್ನೆ ಹೋಗಿ ಪಕ್ಷ ಬರುತ್ತದೆ. ಊರೆಲ್ಲ ಚೆದುರಿದ ಮನೆಗಳವರಿಗೆ ಇದು ನಷ್ಟ, ಒಂದೇ ಓಣಿಯಲ್ಲಿರುವವರಿಗೆ ಲಾಭ. ಹೊಸ ವಾರ್ಡುಗಳ ಗಡಿ ಮೊದಲ ಬಾರಿಗೆ ಎಳೆಯುವ ಹೊತ್ತಿದು. ಮತದಾರರ ಪಟ್ಟಿ ನೋಡಿ ಯಾವ ಮನೆ ಯಾವ ವಾರ್ಡಿಗೆ ಬಂದಿದೆ ಎಂದು ಗುರುತಿಸುವ ಕೆಲಸ ಆಗಲೇ ಆಗಬೇಕು. ಪುಣೆ, ಬೆಂಗಳೂರಿನಲ್ಲಿ ನೌಕರಿಗಿರುವ ಮಕ್ಕಳ ಹೆಸರು ಊರಿನ ಪಟ್ಟಿಯಲ್ಲಿ ಉಳಿದಿದ್ದರೂ ಮತದಾನದ ದಿನ ಅವರು ಬರುವುದಿಲ್ಲ. ‘ನಮ್ಮದು 150 ಮತ’ ಎಂದು ಹೇಳುವ ಓಣಿಯಲ್ಲಿ ನಿಜಕ್ಕೂ ಬೀಳುವುದು ಎಷ್ಟು ಎಂಬುದನ್ನು ಮೊದಲು ಎಣಿಸಬೇಕು.

ಪುರಸಭೆಗಳಲ್ಲಿ ಸರ್ಕಾರ ನಾಮನಿರ್ದೇಶನ ಮಾಡುವ ಸದಸ್ಯರೂ ಇರುತ್ತಾರೆ. ಗೆಲ್ಲಲಾಗದ ಚಿಕ್ಕ ಸಮಾಜಗಳಿಗೆ ಈ ಸ್ಥಾನ ಕೊಟ್ಟು ಸಮಾಧಾನ ಮಾಡುವುದು ಪಕ್ಷಗಳ ರೂಢಿ. ಆ ಸದಸ್ಯರು ಸಭೆಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ. ಅಧ್ಯಕ್ಷರ ಆಯ್ಕೆಯಲ್ಲೂ ನಿರ್ಣಯಗಳಲ್ಲೂ ಲೆಕ್ಕಕ್ಕೆ ಬರುವುದು ಗೆದ್ದವರ ಕೈ ಮಾತ್ರ. 15 ಸದಸ್ಯರ ಪಂಚಾಯಿತಿಯಲ್ಲಿ ಎರಡು ಗುಂಪು ಏಳೇಳಾಗಿ ನಿಂತರೆ ಹದಿನೈದನೆಯ ಒಬ್ಬ ಸದಸ್ಯನ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ.

ಬಸದಿಯ ಅಂಗಳ ಮತ್ತು ಚುನಾವಣೆ

ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ಬಸದಿಯಲ್ಲೇ ಸಭೆ ಕರೆಯುವುದು, ಸಮಾಜದ ಹೆಸರಿನಲ್ಲಿ ಇಂಥವರಿಗೇ ಮತ ಎಂದು ಚೀಟಿ ಹಂಚುವುದು ಕೆಲವೆಡೆ ಸಹಜವೆಂಬಂತೆ ನಡೆಯುತ್ತದೆ. ಇದರಲ್ಲಿ ಅಪಾಯವಿದೆ. ಪೂಜಾಸ್ಥಳವನ್ನು ಚುನಾವಣಾ ಪ್ರಚಾರಕ್ಕೆ ಬಳಸುವುದನ್ನು ಮಾದರಿ ನೀತಿ ಸಂಹಿತೆ ನಿಷೇಧಿಸುತ್ತದೆ. ಧಾರ್ಮಿಕ ಸಂಸ್ಥೆಗಳ ಆವರಣವನ್ನು ರಾಜಕೀಯ ಚಟುವಟಿಕೆಗೆ ಬಳಸದಂತೆ 1988ರ ಕೇಂದ್ರ ಕಾಯ್ದೆಯೇ ಇದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ ಎಂಬುದನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿಯಲ್ಲಿ, ಜನಪ್ರತಿನಿಧಿ ಕಾಯ್ದೆಯ ಪ್ರಕರಣವೊಂದರಲ್ಲಿ, ಬಹುಮತದಿಂದ ಬಿಗಿಯಾಗಿ ಎತ್ತಿಹಿಡಿದಿದೆ.

ಕಾನೂನಿನ ಮಾತು ಬಿಟ್ಟರೂ ಲೆಕ್ಕದ ಮಾತು ಉಳಿಯುತ್ತದೆ. 340ರಲ್ಲಿ 240 ಮತ ಹೊರಗಿನಿಂದ ಬರಬೇಕಾದ ಅಭ್ಯರ್ಥಿ ‘ಸಮಾಜದ ಅಭ್ಯರ್ಥಿ’ ಎಂಬ ಹಣೆಪಟ್ಟಿ ಹಚ್ಚಿಕೊಂಡರೆ ನಷ್ಟ ಅವನದೇ. ಅವನು ಮೊದಲು ವಾರ್ಡಿನ ಅಭ್ಯರ್ಥಿಯಾಗಿ ಕಾಣಬೇಕು.

ಸ್ಥಾನ ಸಿಗಲಿ ಬಿಡಲಿ ಕೈಯಲ್ಲಿ ಉಳಿಯುವ ಸಾಧನ ಒಂದಿದೆ. ಕಾಯ್ದೆಯಂತೆ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಯಾವ ರಸ್ತೆ, ಯಾವ ಚರಂಡಿ, ಯಾರಿಗೆ ಮನೆ ಎಂಬ ಪಟ್ಟಿ ಆರಂಭವಾಗುವುದು ಅಲ್ಲಿ. ಮುನಿಸಂಘದ ವಿಹಾರದ ದಾರಿಯಲ್ಲಿ ಬೆಳಕು, ಬಸದಿಯ ಪಕ್ಕದ ಕಸದ ರಾಶಿ, ಇ-ಸ್ವತ್ತಿನ ನಮೂನೆ 9 ಮತ್ತು 11ಕ್ಕಾಗಿ ಅಲೆಯುವ ತಾಪತ್ರಯ, ಇವೆಲ್ಲ ಎತ್ತಬೇಕಾದ ಜಾಗವೂ ಅದೇ. ಜೈನ ಮನೆಗಳವರು ಅಲ್ಲಿಗೆ ಹೋಗಿ ತಮ್ಮ ಓಣಿಯ ಮಾತಿನೊಂದಿಗೆ ಪಕ್ಕದ ಕೇರಿಯ ನೀರಿನ ಮಾತನ್ನೂ ಆಡಿದರೆ, ಮುಂದಿನ ಚುನಾವಣೆಯಲ್ಲಿ ಬೇಕಾದ ಆ 240 ಮತಗಳ ಕೆಲಸ ಅಂದೇ ಶುರುವಾದಂತೆ.